ಪೆನ್ ಇರುವ ಸಣ್ಣ ಟ್ಯಾಬ್: ಅನುಕೂಲಗಳೇನು, ಕೊರತೆಗಳೇನು?

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ನಮ್ಮ ಮಕ್ಕಳು ಶಾಲೆಯಲ್ಲಿ ಕನ್ನಡ, ಇಂಗ್ಲಿಷ್, ಮಲಯಾಳಂ ಬರೆಯುತ್ತಾರೆ. ಮದ್ರಸಕ್ಕೆ ಹೋದರೆ ಅರಬಿ, ಅರಬಿ-ಮಲಯಾಳಂ. ಇದನ್ನೆಲ್ಲ ಕೀಬೋರ್ಡ್‌ನಲ್ಲಿ ಒತ್ತಬೇಕು ಅಂದ್ರೆ ಭಾಷೆ ಬದಲಿಸಿಯೇ ಸುಸ್ತಾಗುತ್ತದೆ. ಪೆನ್ನಿಗೆ ಆ ತಲೆನೋವಿಲ್ಲ. ಅದಕ್ಕೇ ಪೆನ್‌ನಲ್ಲಿ ಬರೆಯುವ ಸಣ್ಣ ಟ್ಯಾಬ್ ಬೇಕು ಅನ್ನುವವರು ಹೆಚ್ಚುತ್ತಿದ್ದಾರೆ. ಆದರೆ ಬೆಲೆ ಕಡಿಮೆಯಲ್ಲ, ತಪ್ಪು ಪೆನ್ ಕೊಂಡರೆ ಕೊಟ್ಟ ಹಣ ನೀರಿಗೆ ಹಾಕಿದಂತೆ. ಕೊಳ್ಳುವ ಮೊದಲು ತಿಳಿದಿರಬೇಕಾದ ವಿಷಯಗಳು ಇಲ್ಲಿವೆ.

ಸಣ್ಣ ಟ್ಯಾಬ್ ಅಂದರೆ ಯಾವುದು?

ಸುಮಾರು 8 ಇಂಚಿನ ಪರದೆ ಇರುವುದು. ಸ್ಯಾಮ್‌ಸಂಗ್ 2013ರಲ್ಲಿ ತಂದ ಗ್ಯಾಲಕ್ಸಿ ನೋಟ್ 8.0 ಈ ಬಗೆಯಲ್ಲಿ ಹೆಸರು ಮಾಡಿತು. ತೂಕ 338 ಗ್ರಾಂ, ಪೆನ್ ಟ್ಯಾಬ್‌ನ ಒಳಗೇ ಕೂರುತ್ತಿತ್ತು. ಆ್ಯಪಲ್‌ನ ಐಪ್ಯಾಡ್ ಮಿನಿಗೆ ಪೆನ್ಸಿಲ್ ಸೌಲಭ್ಯ ಬಂದದ್ದು 2019ರಲ್ಲಿ. 2021ರ ಮತ್ತು 2024ರ ಮಿನಿಗಳ ಪರದೆ 8.3 ಇಂಚು, ತೂಕ 293 ಗ್ರಾಂ.

ಎಲ್ಲ ಪೆನ್ ಒಂದೇ ಅಲ್ಲ

ರಬ್ಬರ್ ತುದಿಯ ಅಗ್ಗದ ಪೆನ್ ಯಾವ ಮೊಬೈಲ್‌ನಲ್ಲೂ ನಡೆಯುತ್ತದೆ. ಆದರೆ ಟ್ಯಾಬ್ ಅದನ್ನು ಬೆರಳು ಅಂತಲೇ ತಿಳಿಯುತ್ತದೆ. ಅಂಗೈ ಪರದೆಗೆ ತಾಗಿದರೆ ಅಲ್ಲೂ ಗೆರೆ ಬೀಳುತ್ತದೆ. ಒತ್ತಿ ಬರೆದರೂ ಮೆಲ್ಲಗೆ ಬರೆದರೂ ಗೆರೆ ಒಂದೇ ದಪ್ಪ.

ಸ್ಯಾಮ್‌ಸಂಗ್‌ನ ಎಸ್ ಪೆನ್ ಬೇರೆ ರೀತಿಯದ್ದು. ಪರದೆಯ ಹಿಂದಿರುವ ಪದರ ಕಾಂತಕ್ಷೇತ್ರ ಹೊರಡಿಸುತ್ತದೆ, ಪೆನ್ನೊಳಗಿನ ಸುರುಳಿ ಅದಕ್ಕೆ ಉತ್ತರ ಕೊಡುತ್ತದೆ. ಬರೆಯಲು ಪೆನ್ನಿಗೆ ಬ್ಯಾಟರಿ ಬೇಡ. ಆ್ಯಪಲ್ ಪೆನ್ಸಿಲ್‌ನೊಳಗೆ ಬ್ಯಾಟರಿ ಇದೆ, ಚಾರ್ಜ್ ಮಾಡಲೇಬೇಕು. ಇವೆರಡರಲ್ಲೂ ಕೈಯನ್ನು ಪರದೆ ಮೇಲೆ ಊರಿ, ಕಾಗದದಲ್ಲಿ ಬರೆದ ಹಾಗೇ ಬರೆಯಬಹುದು.

ಅನುಕೂಲಗಳು

ಮೊದಲನೆಯದು ಲಿಪಿಯ ಸ್ವಾತಂತ್ರ್ಯ. ಎಡದಿಂದ ಬಲಕ್ಕೆ ಕನ್ನಡ, ಅದೇ ಪುಟದಲ್ಲಿ ಬಲದಿಂದ ಎಡಕ್ಕೆ ಅರಬಿ ಬರೆಯಬಹುದು. ಟೈಪ್ ಮಾಡುವಾಗ ಈ ಎರಡು ಒಂದೇ ಸಾಲಿನಲ್ಲಿ ಸೇರಿದರೆ ಪದಗಳು ಅತ್ತಿತ್ತ ಹಾರುತ್ತವೆ. ಅರಬಿ-ಮಲಯಾಳಂನ ವಿಶೇಷ ಅಕ್ಷರಗಳು ಸಾಮಾನ್ಯ ಅರಬಿ ಕೀಬೋರ್ಡ್‌ನಲ್ಲಿ ಎಲ್ಲವೂ ಸಿಗುವುದಿಲ್ಲ. ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ 2020ರಲ್ಲಿ ಹೊರತಂದ ಬ್ಯಾರಿ ಲಿಪಿಯೂ ಮೊಬೈಲ್‌ನ ಮಾಮೂಲು ಕೀಬೋರ್ಡ್‌ನಲ್ಲಿ ಇಲ್ಲ. ಕೈಬರಹಕ್ಕೆ ಇದ್ಯಾವುದೂ ಅಡ್ಡಿಯಲ್ಲ. ಗಣಿತದ ಲೆಕ್ಕ, ವಿಜ್ಞಾನದ ಚಿತ್ರವೂ ಹಾಗೆಯೇ.

ಎರಡನೆಯದು, ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಬರೆಯಬಹುದು. ಮೇಜು ಬೇಕಿಲ್ಲ. ರೈಲಿನಲ್ಲಿ ಮಂಗಳೂರಿನ ಕಾಲೇಜಿಗೆ ಹೋಗಿಬರುವವರಿಗೆ, ಅಂಗಡಿಯಲ್ಲಿ ನಿಂತೇ ಸ್ಟಾಕ್ ಬರೆಯುವವರಿಗೆ ಇದು ದೊಡ್ಡ ಉಪಕಾರ. ಪಿಡಿಎಫ್ ಮೇಲೆಯೇ ಗುರುತು ಹಾಕಬಹುದು, ಸಹಿ ಹಾಕಿ ಕಳಿಸಬಹುದು.

ಕೊರತೆಗಳು

ದೊಡ್ಡ ಕೊರತೆ ಜಾಗದ್ದೇ. 8.3 ಇಂಚಿನ ಪರದೆಯ ವಿಸ್ತೀರ್ಣ ಎ4 ಹಾಳೆಯ ಸುಮಾರು ಮೂರನೇ ಒಂದು ಭಾಗ. ಎ4 ಪುಟದ ಪಿಡಿಎಫ್ ತೆರೆದರೆ ಅಕ್ಷರಗಳು ಮೂಲ ಗಾತ್ರದ ಅರ್ಧಕ್ಕಿಂತ ಸ್ವಲ್ಪ ಮಾತ್ರ ದೊಡ್ಡದಾಗಿ ಕಾಣುತ್ತವೆ. ಇಂಗ್ಲಿಷ್ ಹೇಗೋ ಓದಬಹುದು. ಕನ್ನಡದ ಒತ್ತಕ್ಷರ, ಅರಬಿಯ ಹರಕತ್ ಓದಲು ಮತ್ತೆ ಮತ್ತೆ ಹಿಗ್ಗಿಸಬೇಕು. ಬರೆಯುವಾಗಲೂ ಸಾಲು ಬೇಗ ಮುಗಿಯುತ್ತದೆ. ಅರ್ಧ ಪರದೆಯಲ್ಲಿ ಕ್ಲಾಸ್ ವೀಡಿಯೊ, ಇನ್ನರ್ಧದಲ್ಲಿ ನೋಟ್ಸ್ ಅಂತ ಇಟ್ಟರೆ ಎರಡೂ ಇಕ್ಕಟ್ಟು.

ಎರಡನೇ ಕೊರತೆ, ಕೈಬರಹ ಚಿತ್ರವಾಗಿಯೇ ಉಳಿಯುವುದು. ಇಂಗ್ಲಿಷ್ ಬರಹವನ್ನು ಟೈಪ್ ಅಕ್ಷರವಾಗಿಸುವ ಆ್ಯಪ್‌ಗಳು ಬೇಕಾದಷ್ಟಿವೆ. ಆಂಡ್ರಾಯ್ಡ್‌ನ ಜಿಬೋರ್ಡ್ ಕನ್ನಡ ಕೈಬರಹವನ್ನೂ ಅಕ್ಷರವಾಗಿಸುತ್ತದೆ, ಆದರೆ ಭಾಷೆಯನ್ನು ನಾವೇ ಮೊದಲು ಆರಿಸಬೇಕು. ಲಿಪಿ ಬೆರೆಸಿ ಬರೆದ ನೋಟ್ಸ್‌ನಲ್ಲಿ ಆರು ತಿಂಗಳ ನಂತರ ಒಂದು ಪದ ಹುಡುಕಿದರೆ ಸಿಗುವುದು ಕಷ್ಟ. ಪ್ರತಿ ಪುಟಕ್ಕೂ ದಿನಾಂಕ, ಶೀರ್ಷಿಕೆ ಟೈಪ್ ಮಾಡಿಡುವುದೇ ಪರಿಹಾರ.

ಮೂರನೆಯದು ಖರ್ಚು. 2024ರ ಐಪ್ಯಾಡ್ ಮಿನಿ ಬಿಡುಗಡೆಯಾದಾಗ ಇಲ್ಲಿಯ ಬೆಲೆ 49,900 ರೂಪಾಯಿ. ಪೆನ್ಸಿಲ್ ಪ್ರತ್ಯೇಕ: ಯುಎಸ್‌ಬಿ-ಸಿ ಮಾದರಿಗೆ 7,900, ಪ್ರೊ ಮಾದರಿಗೆ 11,900. ಕಡಿಮೆ ಬೆಲೆಯದ್ದರಲ್ಲಿ ಒತ್ತಡ ಗುರುತಿಸುವ ಗುಣ ಇಲ್ಲ. ನೋಟ್ಸ್‌ಗೆ ಅದು ಸಾಕು, ಅರಬಿ ಕ್ಯಾಲಿಗ್ರಫಿ ಕಲಿಯುವವರಿಗೆ ಸಾಲದು.

ಹಳೇ ಪೆನ್ ಹೊಸ ಟ್ಯಾಬ್‌ಗೆ ಆಗದು

ಗಲ್ಫ್‌ನಿಂದ ಬರುವವರ ಕೈಯಲ್ಲಿ ಪೆನ್ಸಿಲ್ ತರಿಸುವವರು ಇದನ್ನು ಗಮನಿಸಿ. 2019ರ ಮಿನಿಗೆ ಮೊದಲ ತಲೆಮಾರಿನ ಪೆನ್ಸಿಲ್ ಬೇಕು. 2021ರದ್ದಕ್ಕೆ ಎರಡನೇ ತಲೆಮಾರಿನದ್ದು ಅಥವಾ ಯುಎಸ್‌ಬಿ-ಸಿ. 2024ರದ್ದಕ್ಕೆ ಪ್ರೊ ಅಥವಾ ಯುಎಸ್‌ಬಿ-ಸಿ. ಎರಡನೇ ತಲೆಮಾರಿನ ಪೆನ್ಸಿಲ್ 2024ರ ಮಿನಿಯಲ್ಲಿ ನಡೆಯುವುದಿಲ್ಲ. "ಐಪ್ಯಾಡ್ ಪೆನ್ಸಿಲ್ ಒಂದು ತಾ" ಅಂತ ಹೇಳಿದರೆ ಸಾಲದು, ಟ್ಯಾಬ್‌ನ ವರ್ಷ ಹೇಳಬೇಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಸಾಫ್ಟ್‌ವೇರ್ ಅಪ್‌ಡೇಟ್ ಬರುತ್ತಿದೆಯೇ ನೋಡಿ. ನೋಟ್ 8.0 ಬಂದದ್ದು ಆಂಡ್ರಾಯ್ಡ್ 4.1 ಜೊತೆ. ಅಂಥ ಹಳೇ ಟ್ಯಾಬ್‌ನ ಪೆನ್ ಇಂದಿಗೂ ಚೆನ್ನಾಗಿ ಬರೆದೀತು, ಆದರೆ ಈಗಿನ ಎಷ್ಟೋ ಆ್ಯಪ್ ಅದರಲ್ಲಿ ಇನ್‌ಸ್ಟಾಲ್ ಆಗುವುದಿಲ್ಲ.

ಯಾರಿಗೆ ಒಳ್ಳೆಯದು?

ಓಡಾಟದಲ್ಲಿ ಬರೆಯುವವರಿಗೆ, ಹಲವು ಲಿಪಿಯಲ್ಲಿ ಟಿಪ್ಪಣಿ ಮಾಡುವವರಿಗೆ ಸಣ್ಣ ಟ್ಯಾಬ್ ಸರಿ. ದಿನವಿಡೀ ಪಠ್ಯಪುಸ್ತಕದ ಪಿಡಿಎಫ್ ಓದುವ ವಿದ್ಯಾರ್ಥಿಗೆ 10 ಇಂಚಿನದ್ದೇ ಮೇಲು. 10.4 ಇಂಚಿನ ಗ್ಯಾಲಕ್ಸಿ ಟ್ಯಾಬ್ ಎಸ್6 ಲೈಟ್‌ನಂಥದ್ದರಲ್ಲಿ ಪೆನ್ ಪೆಟ್ಟಿಗೆಯಲ್ಲೇ ಬರುತ್ತದೆ, ಆದರೆ ತೂಕ 467 ಗ್ರಾಂ.

ಅಂಗಡಿಗೆ ಹೋದಾಗ ಮಗುವನ್ನೂ ಕರೆದುಕೊಂಡು ಹೋಗಿ. ಅಂಗೈ ಊರಿ ಒಂದು ಸಾಲು ಕನ್ನಡ, ಒಂದು ಸಾಲು ಅರಬಿ ಬರೆಸಿ. ಆಮೇಲೆ ಅವರ ಪಠ್ಯಪುಸ್ತಕದ ಒಂದು ಪುಟ ತೆರೆದು ಓದಿಸಿ. ಎರಡೂ ಸಲೀಸಾದರೆ ಮಾತ್ರ ಹಣ ಕೊಡಿ.