ಭಂಗಿಗೆ ತಪ್ಪಿದ ಅಳತೆ

ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆಯಲ್ಲಿ ಶನಿಮಹಾತ್ಮನಿಗೆ ಎಳ್ಳೆಣ್ಣೆಯ ದೀಪ ಹಚ್ಚುವವರಿಗೆ ಎಣ್ಣೆ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಎಳ್ಳೋ ಹುಚ್ಚೆಳ್ಳೋ ಹರಳೋ, ಗಾಣಕ್ಕೆ ಸುರಿದ ಬೀಜ ಯಾವುದೋ ಇಳಿದದ್ದು ಅದರ ಎಣ್ಣೆ. ಈಗ ಆನ್‌ಲೈನಿನಲ್ಲಿ ಬಿಕರಿಯಾಗುವ ಸಿಬಿಡಿ ಎಣ್ಣೆ ಈ ಲೆಕ್ಕಕ್ಕೆ ಬರುವುದಿಲ್ಲ. ಭಂಗಿ, ಅಂದರೆ ಗಾಂಜಾ ಗಿಡದ ಸೊಪ್ಪು, ಹೂಗಳಿಂದ ತೆಗೆದ ಕ್ಯಾನಬಿಡಿಯಾಲ್ ಎಂಬ ಅಂಶವನ್ನು ಬೇರೊಂದು ಎಣ್ಣೆಯಲ್ಲಿ ಬೆರೆಸಿದ್ದು ಅದು. ಭಂಗಿ ಬೀಜದ ಎಣ್ಣೆಯಲ್ಲಿ ಆ ಅಂಶ ಇಲ್ಲವೆಂಬಷ್ಟು ಕಡಿಮೆ. ನಿದ್ದೆಗೆ, ಮಂಡಿನೋವಿಗೆ, ಆತಂಕಕ್ಕೆ ಎಂದು ಇದನ್ನು ಮಾರುವವರು ಕೊನೆಗೆ ಇತಿಹಾಸವನ್ನೇ ಸಾಕ್ಷಿಗೆ ಕರೆಯುತ್ತಾರೆ: ಹಿರಿಯರು ಸಾವಿರಾರು ವರ್ಷ ಬಳಸಿದ ಗಿಡವಲ್ಲವೇ? ಆದರೆ ಆ ಸಾಕ್ಷಿ ನುಡಿಯುವುದೇ ಬೇರೆ. ಭಂಗಿ ಔಷಧಿಯಾಗಿ ಸೋತದ್ದು ಗುಣ ಸಾಲದೆ ಅಲ್ಲ, ಅಳತೆ ಸಿಗದೆ.

ಹಿರಿಯರು ಬಳಸಿದ್ದು ನಿಜ. ಶಾರ್ಙ್ಗಧರ ಸಂಹಿತೆ ಭಂಗಿಯನ್ನು ಜೀರ್ಣವಾಗುವ ಮೊದಲೇ ಮೈಯೆಲ್ಲ ವ್ಯಾಪಿಸುವ ದ್ರವ್ಯಗಳ ಸಾಲಿಗೆ ಸೇರಿಸಿದೆ. ವೈದ್ಯರು ಸೊಪ್ಪನ್ನು ಶೋಧನೆ, ಅಂದರೆ ಶುದ್ಧಿ, ಮಾಡದೆ ಮದ್ದಿಗೆ ಹಾಕುತ್ತಿರಲಿಲ್ಲ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಸನ್ನಿಧಿಯಲ್ಲಿ, ಉತ್ತರ ಕರ್ನಾಟಕದ ಕೆಲವು ಆರೂಢ, ಅವಧೂತ ಪರಂಪರೆಗಳಲ್ಲಿ ಅದು ಪ್ರಸಾದವಾಗಿ, ಧ್ಯಾನದ ಸಾಧನವಾಗಿ ಉಳಿದು ಬಂದದ್ದು ಪತ್ರಿಕೆಗಳಲ್ಲಿ ವರದಿಯಾಗಿದೆ. ಅದೇ ಜನರ ಬಾಯಲ್ಲಿ ‘ಭಂಗಿ ದೇವರಿಗೆ ಹೆಂಡಗುಡುಕ ಪೂಜಾರಿ’ ಎಂಬ ಗಾದೆಯೂ ಇದೆ. ಅಂದರೆ ಭಂಗಿ ಎಂದೊಡನೆ ಊರಿಗೆ ನೆನಪಾಗುತ್ತಿದ್ದುದು ಅಮಲು. ಅಮಲು ತರುವುದು ಟಿಎಚ್‌ಸಿ ಎಂಬ ಇನ್ನೊಂದು ಅಂಶ, ಸಿಬಿಡಿ ಅಮಲೇರಿಸುವುದಿಲ್ಲ. ಹಿರಿಯರು ಸಿಬಿಡಿಯನ್ನು ಬೇರ್ಪಡಿಸಿ ಬಳಸಿದವರಲ್ಲ, ಇಡೀ ಸೊಪ್ಪನ್ನು ಬಳಸಿದವರು, ಅದೂ ವೈದ್ಯನೋ ಗುರುವೋ ಎದುರಿಗಿದ್ದಾಗ. ಅವರ ಅನುಭವದ ಚೀಟಿಯನ್ನು ಇಂದಿನ ಸೀಸೆಗೆ ಅಂಟಿಸುವುದು ಸರಿಯಾಗದು.

ಎದುರಿಗೆ ಯಾರೂ ಇಲ್ಲದೆ ಅಂಗಡಿಯಿಂದ ಕೊಳ್ಳುವ ಮದ್ದಾಗಿ ಭಂಗಿ ಹೊರಟದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಕಲ್ಕತ್ತಾ ವೈದ್ಯಕೀಯ ಕಾಲೇಜಿನ ಒ’ಶಾಘ್ನೆಸಿ 1839ರಲ್ಲಿ ತನ್ನ ಪ್ರಯೋಗಗಳನ್ನು ಪ್ರಕಟಿಸಿದ. ಸೆಳವಿನಿಂದ ನರಳುತ್ತಿದ್ದ ಎಳೆಗೂಸಿಗೆ ಭಂಗಿಯ ಟಿಂಕ್ಚರ್ ಕೊಟ್ಟು ಗುಣ ಕಂಡ. ಆದರೆ ಹನಿಗಳನ್ನು ಏರಿಸುತ್ತಲೇ ಹೋಗಬೇಕಾಯಿತು. ಮುಂದೆ ಯುರೋಪಿನ ಅಂಗಡಿಗಳಲ್ಲೂ ಅಳತೆಯದೇ ತೊಡಕು. ಒಂದು ಸೀಸೆ ನೀರಿನಂತೆ ಸಪ್ಪೆ, ಇನ್ನೊಂದು ತಲೆ ತಿರುಗಿಸುವಷ್ಟು ಖಾರ. ಬ್ರಿಟಿಷ್ ಔಷಧಕೋಶ 1932ರಲ್ಲಿ ಭಂಗಿಯನ್ನು ಕೈಬಿಟ್ಟಿತು. ಸಿಬಿಡಿಯನ್ನು ಅಮೆರಿಕದ ರೋಜರ್ ಆಡಮ್ಸ್ ಬೇರ್ಪಡಿಸಿದ್ದು 1940ರಲ್ಲಿ, ಇಸ್ರೇಲಿನ ಮೆಶೂಲಮ್ ಅದರ ರಚನೆ ಬಿಡಿಸಿದ್ದು 1963ರಲ್ಲಿ. ಅಳೆಯುವ ವಿದ್ಯೆ ಬರುವ ಹೊತ್ತಿಗೆ ಮದ್ದು ಕಪಾಟಿನಿಂದ ಇಳಿದಾಗಿತ್ತು.

ಈಗಂತೂ ಅಳೆಯಬಹುದಲ್ಲ, ಸಿಬಿಡಿ ಫಲ ಕೊಡುವುದೂ ಸಾಬೀತಾಗಿದೆಯಲ್ಲ ಎನ್ನಬಹುದು. ಹೌದು, ಮಕ್ಕಳಲ್ಲಿ ಕಾಣುವ ಡ್ರಾವೆ ಮತ್ತು ಲೆನಾಕ್ಸ್-ಗ್ಯಾಸ್ಟೋ ಎಂಬ ಕಠಿಣ ಮೂರ್ಛೆರೋಗಗಳಿಗೆ ಅಮೆರಿಕ 2018ರಲ್ಲಿ ಸಿಬಿಡಿಯ ಔಷಧಿಯಾದ ಎಪಿಡಿಯೊಲೆಕ್ಸ್‌ಗೆ ಒಪ್ಪಿಗೆ ಕೊಟ್ಟಿತು. ಅದರ ಪ್ರಮಾಣ ದಿನಕ್ಕೆ ಮೈತೂಕದ ಕಿಲೋಗೆ 10ರಿಂದ 20 ಮಿಲಿಗ್ರಾಂ. ಅರವತ್ತು ಕಿಲೋದವರಿಗೆ ಕನಿಷ್ಠ 600 ಮಿಲಿಗ್ರಾಂ. ಸಾವಿರ ಮಿಲಿಗ್ರಾಂನ ಸೀಸೆ ಎರಡು ದಿನಕ್ಕೂ ಬಾರದು. ಆ ಪ್ರಮಾಣದಲ್ಲಿ ಯಕೃತ್ತಿಗೆ ಪೆಟ್ಟು ಬೀಳಬಹುದೆಂದು ವೈದ್ಯರು ರಕ್ತ ಪರೀಕ್ಷಿಸುತ್ತಲೇ ಇರಬೇಕು. ಅತ್ತ ಬ್ರಿಟನ್ನಿನ ಆಹಾರ ಸಂಸ್ಥೆ 2023ರಲ್ಲಿ ಆರೋಗ್ಯವಂತ ವಯಸ್ಕರು ದಿನಕ್ಕೆ 10 ಮಿಲಿಗ್ರಾಂ ಮೀರಬಾರದೆಂದಿತು. ಫಲ ಕಂಡ ಪ್ರಮಾಣಕ್ಕೂ ನಿರಾತಂಕವಾಗಿ ಕುಡಿಯಬಹುದಾದ ಪ್ರಮಾಣಕ್ಕೂ ಇಷ್ಟು ಅಂತರ. ಚಟ ಹಿಡಿಸುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆಯಲ್ಲ ಎಂದರೆ, ಚಟವಿಲ್ಲದ್ದೆಲ್ಲ ನಿರಪಾಯವಲ್ಲ. ಸಿಬಿಡಿ ಬೇರೆ ಮಾತ್ರೆಗಳ ಬಲವನ್ನೂ ಏರುಪೇರು ಮಾಡುತ್ತದೆ. ಇನ್ನು ಅಳತೆಯ ಮಾತು: 2017ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಅಮೆರಿಕದ ಸಂಶೋಧಕರು ಆನ್‌ಲೈನಿನಲ್ಲಿ ಕೊಂಡ 84 ಉತ್ಪನ್ನಗಳಲ್ಲಿ ಚೀಟಿ ಹೇಳಿದಷ್ಟೇ ಸಿಬಿಡಿ ಇದ್ದದ್ದು ಶೇ 31ರಲ್ಲಿ ಮಾತ್ರ; 18 ಉತ್ಪನ್ನಗಳಲ್ಲಿ ಟಿಎಚ್‌ಸಿಯೂ ಇತ್ತು. ವಿದ್ಯೆ ಬಂದಿದೆ, ಸೀಸೆಗೆ ಇಳಿದಿಲ್ಲ.

ಕಾನೂನು ಒಪ್ಪಿದ ಮೇಲೆ ಅನುಮಾನವೇಕೆ ಎಂಬುದು ಕೊನೆಯ ಆಕ್ಷೇಪ. 1985ರ ಮಾದಕವಸ್ತು ಕಾಯ್ದೆ ಹೂತುದಿಯನ್ನು ಗಾಂಜಾ ಎಂದು ಹಿಡಿದು, ಬರಿಯ ಬೀಜ, ಸೊಪ್ಪನ್ನು ಆ ವ್ಯಾಖ್ಯೆಯ ಹೊರಗಿಟ್ಟಿತು. ಕರ್ನಾಟಕ ಹೈಕೋರ್ಟ್ 2022ರಲ್ಲಿ ಜಾಮೀನು ಅರ್ಜಿಯೊಂದರ ಆದೇಶದಲ್ಲಿ ಇದೇ ಭೇದವನ್ನು ಎತ್ತಿ ಹೇಳಿತು. ಈ ಸೊಪ್ಪಿನ ಬಾಗಿಲಿನಿಂದಲೇ ಸಿಬಿಡಿ ಸೀಸೆಗಳು ಆಯುರ್ವೇದದ ಪರವಾನಗಿ ಹಿಡಿದು ಮಾರುಕಟ್ಟೆಗೆ ಬರುತ್ತವೆ. ಆದರೆ ಈ ಭೇದ ಹೇಳುವುದು ಯಾವುದು ಅಪರಾಧವಲ್ಲ ಎಂದಷ್ಟೆ, ಯಾವುದು ಮದ್ದು ಎಂದಲ್ಲ. ಔಷಧ ನಿಯಮಗಳಂತೂ ಭಂಗಿ ಸೊಪ್ಪನ್ನು ವಿಷದ್ರವ್ಯಗಳ ಪಟ್ಟಿಯಲ್ಲಿಟ್ಟು, ವೈದ್ಯರ ನಿಗಾದಲ್ಲೇ ಸೇವಿಸಬೇಕೆಂದು ಚೀಟಿಯಲ್ಲಿ ಬರೆಯಿಸುತ್ತವೆ. ಹಿರಿಯರಿಂದ ನಿಜಕ್ಕೂ ಉಳಿದು ಬಂದದ್ದು ಆ ಒಂದು ಸಾಲು. ಮಾರುವವರು ಸೀಸೆಯ ಮೇಲೆ ಅತಿ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕುವುದೂ ಅದನ್ನೇ.