ದೂರದಿಂದ ಓದಿದ ಹೃದಯ

ನಾಡಿ ಹಿಡಿದರೆ ಹೃದಯದ ಬಡಿತ ತಿಳಿಯುತ್ತದೆ. ಆದರೆ ಪ್ರತಿ ಬಡಿತಕ್ಕೂ ಮುನ್ನ ಹೃದಯದಲ್ಲಿ ವಿದ್ಯುತ್ತಿನ ಅಲೆಯೊಂದು ಹರಿಯುತ್ತದೆ. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ಹುಟ್ಟುವ ಈ ಅಲೆ ಮೊದಲು ಹೃತ್ಕರ್ಣಗಳನ್ನು, ಬಳಿಕ ಹೃತ್ಕುಕ್ಷಿಗಳನ್ನು ಸಂಕೋಚಿಸುವಂತೆ ಮಾಡುತ್ತದೆ. ಚರ್ಮದ ಮೇಲೆ ಅದು ಸಿಗುವುದು ಸುಮಾರು 1 ಮಿಲಿವೋಲ್ಟ್‌ನಷ್ಟು ಮಾತ್ರ. ನಿಮ್ಮ ಶಾಲೆಯ ಗ್ಯಾಲ್ವನೋಮೀಟರ್‌ಗೆ ಇದು ನಿಲುಕದು.

1887ರಲ್ಲಿ ಲಂಡನ್ನಿನ ಆಗಸ್ಟಸ್ ವಾಲರ್ ಪಾದರಸದ ಸಣ್ಣ ನಳಿಗೆಯ ನೆರವಿನಿಂದ ಮನುಷ್ಯ ಹೃದಯದ ಈ ವಿದ್ಯುತ್ತನ್ನು ದಾಖಲಿಸಿದರು. ತಮ್ಮ ನಾಯಿ ಜಿಮ್ಮಿಯ ಕಾಲನ್ನು ಉಪ್ಪುನೀರಿನಲ್ಲಿ ಇಳಿಸಿಯೂ ಪ್ರಯೋಗ ತೋರಿಸುತ್ತಿದ್ದರು. 1889ರಲ್ಲಿ ಬಾಸೆಲ್ ನಗರದ ಸಮ್ಮೇಳನದಲ್ಲಿ (ಹೌದು, ಮಂಗಳೂರು ಹೆಂಚಿನ ಬಾಸೆಲ್ ಮಿಷನ್ನಿನ ಊರೇ) ಈ ಪ್ರಯೋಗ ಕಂಡವರಲ್ಲಿ ಹಾಲೆಂಡಿನ ವಿಲೆಮ್ ಐಂಥೋವನ್ ಒಬ್ಬರು. ಪಾದರಸ ನಿಧಾನ, ಚಿತ್ರ ಮಸುಕು. ಅದಕ್ಕೆ ಅವರು ಬೆಳ್ಳಿ ಲೇಪಿಸಿದ ಸ್ಫಟಿಕದ ನೂಲೆಳೆಯನ್ನು ಬಲವಾದ ವಿದ್ಯುತ್ಕಾಂತದ ಧ್ರುವಗಳ ನಡುವೆ ತೂಗಿಸಿದರು. ಎಳೆ ಕಂಪಿಸಿದಂತೆ ಅದರ ನೆರಳು ಛಾಯಾಫಲಕದಲ್ಲಿ ಮೂಡಿತು. ಇಂದಿಗೂ ನಾವು ಹೇಳುವ ಪಿ, ಕ್ಯೂ, ಆರ್, ಎಸ್, ಟಿ ಅಲೆಗಳ ಹೆಸರು ಅವರು ಇಟ್ಟದ್ದೇ. 1924ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಆದರೆ ಯಂತ್ರದ ತೂಕ ಸುಮಾರು 270 ಕಿಲೋಗ್ರಾಂ! ನಡೆಸಲು ಐದು ಜನ ಬೇಕು. ಅದನ್ನು ಆಸ್ಪತ್ರೆಗೆ ಒಯ್ಯುವಂತಿಲ್ಲ, ಕಾಯಿಲೆಯವರನ್ನು ಪ್ರಯೋಗಾಲಯಕ್ಕೆ ಕರೆತರುವುದೂ ಕಷ್ಟ. 1905ರಲ್ಲಿ ಐಂಥೋವನ್ ಲೈಡನ್ ಆಸ್ಪತ್ರೆಯಿಂದ ಪ್ರಯೋಗಾಲಯದವರೆಗೆ, ಸುಮಾರು ಒಂದೂವರೆ ಕಿಲೋಮೀಟರ್ ದೂರ, ದೂರವಾಣಿ ತಂತಿಯಲ್ಲೇ ಹೃದಯದ ಸಂಕೇತ ತರಿಸಿಕೊಂಡರು. ಇಸಿಜಿ ಹುಟ್ಟಿನಲ್ಲೇ ದೂರಪ್ರಯಾಣ ಮಾಡಿತ್ತು.

ಗೆರೆ ಸಿಕ್ಕಿದ ಮಾತ್ರಕ್ಕೆ ಅದರ ಅರ್ಥ ಸಿಕ್ಕಲಿಲ್ಲ. ಹೃದಯ ತನ್ನೊಳಗೆ ತುಂಬಿದ ರಕ್ತದಿಂದಲೇ ಬದುಕುವುದಿಲ್ಲ. ಅದರ ಸ್ನಾಯುವಿಗೆ ಕರೊನರಿ ಧಮನಿಗಳೇ ಆಧಾರ. ಕೊಬ್ಬಿನ ಗಂಟು ಒಡೆದು ರಕ್ತ ಹೆಪ್ಪುಗಟ್ಟಿ ಅಲ್ಲಿ ದಾರಿ ಮುಚ್ಚಿದರೆ ಹೃದಯಾಘಾತ. ಆಗ ಎಸ್-ಟಿ ಭಾಗ ಮೇಲೇಳುವುದನ್ನು 1920ರಲ್ಲಿ ಅಮೆರಿಕದ ಹೆರಾಲ್ಡ್ ಪಾರ್ಡಿ ವಿವರಿಸಿದರು. ದಾರಿ ಪೂರ್ತಿ ಮುಚ್ಚಿದ ಅರ್ಧ ಗಂಟೆಯೊಳಗೇ ಸ್ನಾಯು ಸಾಯತೊಡಗುತ್ತದೆ. ಸತ್ತದ್ದು ಮತ್ತೆ ಬೆಳೆಯದು.

ಈಗ ಮಂಗಳೂರಿಗೆ ಬನ್ನಿ. 1848ರ ವೆನ್ಲಾಕ್ ಆಸ್ಪತ್ರೆ, ಕಸ್ತೂರ್ಬಾ ವೈದ್ಯಕೀಯ ಕಾಲೇಜು ಇರುವ ಈ ನಗರಕ್ಕೆ ಚಿಕ್ಕಮಗಳೂರು, ಕೊಡಗು, ಕಾಸರಗೋಡಿನಿಂದಲೂ ರೋಗಿಗಳು ಬರುತ್ತಾರೆ. ಮೂಡಿಗೆರೆ ಕಡೆಯವರು ಚಾರ್ಮಾಡಿ ಘಾಟಿ ಇಳಿದು ನೂರು ಕಿಲೋಮೀಟರಿಗೂ ಹೆಚ್ಚು ಬರಬೇಕು. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಆ ದಾರಿಯೂ ಬಂದ್. ಅದಕ್ಕೂ ಮೊದಲು, ಎದೆನೋವನ್ನು ಗ್ಯಾಸ್ ಎಂದುಕೊಂಡು ಜೀರಿಗೆ ಕಷಾಯ ಕುಡಿದು ಕಳೆದ ಗಂಟೆಗಳು ಬೇರೆ.

2018ರಲ್ಲಿ ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಆರಂಭಿಸಿದರು. ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡುವುದು, ಅಲ್ಲಿನ ವೈದ್ಯರು ಪಟ್ಟಿಯ ಚಿತ್ರವನ್ನು ವಾಟ್ಸ್‌ಆಪ್ ಗುಂಪಿಗೆ ಕಳಿಸುವುದು, ತಜ್ಞರು ಓದಿ ಸಲಹೆ ನೀಡುವುದು, ಇಷ್ಟೇ ವ್ಯವಸ್ಥೆ. ಐಂಥೋವನ್‌ಗೆ ಐದು ಜನರೊಂದಿಗೆ ಸಾಧ್ಯವಾದದ್ದು ಇಲ್ಲಿ ಕೈಚೀಲದಷ್ಟು ಯಂತ್ರ, ಒಂದು ಮೊಬೈಲಿನಲ್ಲಿ ಆಗುತ್ತದೆ. ನನಗೆ ಇದರಲ್ಲಿ ಹಿಡಿಸಿದ್ದು ತಂತ್ರಜ್ಞಾನಕ್ಕಿಂತ, ಎಲ್ಲರ ಜೇಬಿನಲ್ಲಿ ಇದ್ದದ್ದನ್ನೇ ಬಳಸಿದ ಜಾಣತನ.

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ತೀರಿಕೊಂಡ ಮೇಲೆ, ಅವರ ಹೆಸರಿನ 'ಹೃದಯ ಜ್ಯೋತಿ' ಯೋಜನೆಯನ್ನು ರಾಜ್ಯ ಸರ್ಕಾರ 2023ರಲ್ಲಿ ಪ್ರಕಟಿಸಿತು. ತಾಲೂಕು ಆಸ್ಪತ್ರೆಯ ಇಸಿಜಿ ದೊಡ್ಡ ಕೇಂದ್ರಕ್ಕೆ ಹೋಗಿ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಅಲ್ಲೇ ಉಚಿತವಾಗಿ ಸಿಗಬೇಕೆಂಬುದು ಅದರ ಉದ್ದೇಶ.

ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ: ಮೊದಲ ಪಟ್ಟಿ ಸರಿಯಾಗಿದ್ದರೆ ಹೃದಯಾಘಾತ ಇಲ್ಲವೆಂದೇನೂ ಅಲ್ಲ. ಮಧುಮೇಹಿಗಳಲ್ಲಿ ನೋವೇ ಇಲ್ಲದಿರಬಹುದು. ಸಂಶಯವಿದ್ದರೆ ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತೊಂದು ಪಟ್ಟಿ ತೆಗೆಯುತ್ತಾರೆ, ಎರಡನ್ನೂ ಅಕ್ಕಪಕ್ಕ ಇಟ್ಟು ಓದುತ್ತಾರೆ.