ನೇತ್ರಾವತಿಯ ಜೇಡಿಮಣ್ಣು ಮತ್ತು ಕರಾವಳಿಯ ಸಭೆ

ಕರಾವಳಿಯ ಕ್ರೈಸ್ತ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ದೇವಾಲಯ, ಶಾಲೆ, ಮುದ್ರಣಾಲಯಗಳ ಚರಿತ್ರೆಯಾಗಿ ಓದುತ್ತೇವೆ. ಅದು ಭೂಮಿಯ ಚರಿತ್ರೆಯೂ ಹೌದು.

1834ರಲ್ಲಿ ಬಾಸೆಲ್ ಮಿಷನ್ನಿನ ಮೂವರು ಪ್ರೇಷಿತರು ಮಂಗಳೂರಿಗೆ ಬಂದಿಳಿದರು. ಅವರಿಂದ ದೀಕ್ಷಾಸ್ನಾನ ಪಡೆದವರಲ್ಲಿ ಬಿಲ್ಲವರು ಹೆಚ್ಚು. ಶೇಂದಿ ಇಳಿಸುವ ಕುಲವೃತ್ತಿಯನ್ನು ಮಿಷನ್ ಒಪ್ಪಲಿಲ್ಲ. ಅಳಿಯಸಂತಾನದ ಕುಟುಂಬವು ಮತಾಂತರಗೊಂಡವರನ್ನು ಹೊರಗಿಟ್ಟಿತು. ಹೀಗೆ ವಿಶ್ವಾಸದ ಪ್ರಶ್ನೆಯು ಅನ್ನದ ಪ್ರಶ್ನೆಯೂ ಆಯಿತು. ಮೊದಲು ನೇಯ್ಗೆ, ಅನಂತರ 1865ರಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆ ಅದಕ್ಕೆ ದೊರೆತ ಉತ್ತರಗಳು.

ನೇತ್ರಾವತಿ, ಗುರುಪುರ ಹೊಳೆಗಳ ದಡದ ಜೇಡಿಮಣ್ಣು ಹಂಚಾಯಿತು. ಹೊಳೆಯೇ ದಾರಿ, ಮಣ್ಣು, ಸೌದೆಗಳು ದೋಣಿಯಲ್ಲಿ ಬಂದವು, ಹಂಚು ಬಂದರಿನಿಂದ ಹೊರನಾಡಿಗೆ ಹೋಯಿತು. ಸ್ಥಳೀಯ ಉದ್ಯಮಿಗಳೂ ಕಾರ್ಖಾನೆಗಳನ್ನು ಕಟ್ಟಿದರು. ನಿರಾಶ್ರಿತನಿಗೆ ಕೂಲಿಯೂ ಮಾನವೂ ದೊರೆತವು. ಆದರೆ ಬೋಧಕನೂ ಧಣಿಯೂ ಒಂದೇ ಸಂಸ್ಥೆಯಾದಾಗ ಸಭೆಯ ಶಿಸ್ತಿಗೂ ಕೂಲಿಯ ಭಯಕ್ಕೂ ನಡುವಣ ಗೆರೆ ಮಸುಕಾಯಿತು. ಮಣ್ಣು ತೆಗೆದ ಗದ್ದೆ ತಗ್ಗಾಗಿ ನೀರು ನಿಂತು ಬೆಳೆಗೆ ಎರವಾಯಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿದವು. ಸಭೆ ಮಾತ್ರ ಉಳಿಯಿತು.

ಈ ಉಳಿವೇ ನಮಗೆ ಪಾಠ. ಸಭೆಯ ಜೀವ ಆಸ್ತಿಯಲ್ಲಿಲ್ಲ. ಭೂಮಿ ದೇವರದು, ನಾವು ಅದರಲ್ಲಿ ಪ್ರವಾಸಿಗಳು ಎಂಬ ಯಾಜಕಕಾಂಡದ (25:23) ಬೋಧೆಯನ್ನು ಪೀಠದಿಂದ ಸಾರುವ ನಾವು, ಧರ್ಮಕ್ಷೇತ್ರದ ಭೂಮಿಯನ್ನು ಕುರಿತು ನಿರ್ಣಯಿಸುವಾಗ ಮೊದಲು ಕೇಳಬೇಕಾದದ್ದು ಅದರ ಬೆಲೆಯನ್ನಲ್ಲ. ಅದನ್ನು ನಂಬಿ ಬದುಕುವವರು ಯಾರೆಂಬುದನ್ನು.